ಎರಡು ದೊಣೆಯ ಸಿಗಡಿ

ಹಂಪಿಯ ಬಂಡೆಯ ಮೇಲಿನ ದೊಣೆಯ ಸಿಗಡಿಗೂ ಬಂಡ್ರಿಯ ದೊಣೆಯ ಸಿಗಡಿಗೂ ಡಿಎನ್‌ಎ ಒಂದೇ ಬಂದಾಗ ಸಂಶೋಧನಾ ವಿದ್ಯಾರ್ಥಿನಿ ಶಾಂಭವಿಗೆ ಮೊದಲು ನೆನಪಾದದ್ದು ಉಜ್ಜಿನಪ್ಪನ ಮುಖ. ಬಂಡೆಯ ಕುಳಿಯಲ್ಲಿ ಮಳೆನೀರು ನಿಂತಷ್ಟು ದಿನ ಬದುಕಿ, ಬೇಸಿಗೆಯಲ್ಲಿ ಒಣ ಕೆಸರಿನೊಳಗೆ ಬರೀ ಮೊಟ್ಟೆಯಾಗಿ ಉಳಿಯುವ ಅಕ್ಕಿಕಾಳಿನಷ್ಟು ಪ್ರಾಣಿ ಅದು. ಐವತ್ತು ಕಿಲೋಮೀಟರ್ ನಡೆದು ಹೋಗುವುದುಂಟೇ? ಉಳಿದ ಒಂಬತ್ತು ದೊಣೆಗಳಲ್ಲಿ ಒಂಬತ್ತು ಬೇರೆ ಬೇರೆ ವಂಶ ಸಿಕ್ಕಿದ್ದವು.

ಬಂಡ್ರಿಗೆ ಹೋದವನು ಬಲೆ, ಬಾಟಲಿ ಹೊರುವ ಸಹಾಯಕ ಉಜ್ಜಿನಪ್ಪ ಒಬ್ಬನೇ. ಅವಳಿಗೆ ಆ ದಿನ ಜ್ವರ. ಸಂಜೆ ವಾಪಸಾದಾಗ ಅವನ ಬೈಕಿಗೆ ಬಂಡ್ರಿ ಇರುವ ಸಂಡೂರು ಸೀಮೆಯ ಕೆಂಪು ಧೂಳು ಒಂದು ಚೂರೂ ಹತ್ತಿರಲಿಲ್ಲ. ಕೇಳಿದರೆ, "ಮಳ್ಯಾಗ ತೊಳದು ಹೋತ್ರಿ ಮೇಡಂ" ಅಂದಿದ್ದ. ಆಗ ನಂಬಿದ್ದಳು. ಈಗ ಎಲ್ಲಾ ಗೊತ್ತಾಯಿತು ಅನ್ನಿಸಿತು. ಬಂಡ್ರಿಯ ಬಾಟಲಿಯನ್ನೂ ಹಂಪಿಯಲ್ಲೇ ತುಂಬಿಸಿ, ಹೊಸಪೇಟೆಯಲ್ಲಿ ಮಿರ್ಚಿ ತಿಂದು ಬಂದಿದ್ದಾನೆ ಭೂಪ! ಮೂರು ವರ್ಷದ ಸಂಶೋಧನೆ ಮಣ್ಣುಪಾಲಾಯಿತಲ್ಲ! ಇವನನ್ನು ಕೆಲಸದಿಂದ ತೆಗೆಯಿರಿ ಎಂದು ಗೈಡ್ ಮಧ್ವೇಶ ಸರ್‌ಗೆ ಪತ್ರ ಬರೆದೇಬಿಟ್ಟಳು.

ಮರುದಿನ ಅವನನ್ನೇ ಕರೆದುಕೊಂಡು ಬಂಡ್ರಿಗೆ ಹೊರಟಳು. ದಾರಿ ತೋರಿಸಲು ತಡವರಿಸಲಿ, ಅಲ್ಲೇ ಹಿಡಿಯುತ್ತೇನೆ ಎಂದುಕೊಂಡಿದ್ದಳು. ಅವನು ತಡವರಿಸಲಿಲ್ಲ. ಸೀದಾ ಬಂಡೆ ಹತ್ತಿ ದೊಣೆಯ ಮುಂದೆ ನಿಂತ. ಅವನ ಕೈಗೆ ಕೊಡದೆ ತಾನೇ ಬಾಟಲಿ ತುಂಬಿಸಿ, ಪಕ್ಕದಲ್ಲಿ ಆಡು ಮೇಯಿಸುತ್ತಿದ್ದ ಅಜ್ಜಿ ನೀಲಗಂಗಮ್ಮನನ್ನು ವಿಚಾರಿಸಿದಳು.

"ಬಂದಿದ್ನವ್ವ ಇವ. ತೊಯ್ದು ತೊಪ್ಪಿ ಆಗಿದ್ದ. ನಾನ ಚಾ ಕಾಸಿ ಕೊಟ್ಟೆ."

"ಈ ನೀರಿಗೆ ಯಾರಾದ್ರೂ ಏನಾದ್ರೂ ಹಾಕ್ತಾರಾ?"

"ಮಣ್ಣೆತ್ತಿನ ಅಮಾಸಿಗೆ ನಾನ ಎತ್ತು ಮಾಡಿ, ಪೂಜಿ ಆದಮ್ಯಾಲ ಇದ್ರಾಗ ಬಿಡ್ತೀನಿ. ಹಂಪಿ ನನ್ನ ತವರು. ಅಲ್ಲಿ ದೊಣಿ ಒಣಗಿದಾಗ ಮಣ್ಣು ತರ್ತೀನಿ. ಇಲ್ಲಿ ಮಣ್ಣಾಗ ಕೊಂಬು ನಿಲ್ಲಂಗಿಲ್ಲ. ಮದಿವಿ ಆದಾಗಿಂದ ಹಂಗ ಐತಿ."

ಶಾಂಭವಿಗೆ ಥಟ್ಟನೆ ಹೊಳೆಯಿತು. ಒಣಮಣ್ಣಿನ ಎತ್ತುಗಳ ಹೊಟ್ಟೆಯಲ್ಲಿ ಮೊಟ್ಟೆಗಳು ವರ್ಷ ವರ್ಷ ತವರಿನಿಂದ ಬಂದಿವೆ. ಅಷ್ಟರಲ್ಲಿ ಉಜ್ಜಿನಪ್ಪನ ಫೋನು ರಿಂಗಾಯಿತು. "ಹೌದ್ರಿ. ಆತ್ರಿ ಸರ." ಫೋನು ಕಿಸೆಗೆ ಹಾಕಿಕೊಂಡ. "ನಾಳಿಂದ ಬರಬ್ಯಾಡ ಅಂದ್ರು ಮೇಡಂ. ಯಾಕಂತ ಹೇಳಲಿಲ್ಲ."

ನಾಚಿಕೆಯಿಂದ ಅವಳು ಕುಗ್ಗಿಹೋದಳು. ಕೂಡಲೇ ಸರ್‌ಗೆ ಫೋನ್ ಹಚ್ಚಿ, ಒಳ್ಳೆಯ ಸುದ್ದಿ ಅವನೂ ಕೇಳಲೆಂದು ಸ್ಪೀಕರ್ ಹಾಕಿ, ಮಣ್ಣೆತ್ತಿನ ಕಥೆ ಪೂರ್ತಿ ಹೇಳಿದಳು. ಪತ್ರದ ಮಾತು ಮಾತ್ರ ಎತ್ತಲಿಲ್ಲ.

"ಅಲ್ಲಮ್ಮಾ, ನಿನ್ನನ್ನ ಆ ಬಂಡೆಗೆ ಕರ್ಕೊಂಡು ಹೋದವರು ಯಾರು?"

"ಉಜ್ಜಿನಪ್ಪ."

"ಆ ಅಜ್ಜಿ ಮೊದಲೇ ಯಾರಿಗೆ ಪರಿಚಯ?"

"ಅವರಿಗೇ. ಆದ್ರೆ ಸರ್, ಈಗ ನೀರು ನಾನೇ ತುಂಬಿಸಿದೀನಿ."

"ಆ ದೊಣೆಗೆ ಅವನೇ ಹಂಪಿ ಸಿಗಡಿ ಮೊದಲೇ ತಂದು ಸುರಿದಿಲ್ಲ ಅಂತ ಏನು ಗ್ಯಾರಂಟಿ?" ಮಧ್ವೇಶ ಸರ್ ಸಣ್ಣಗೆ ನಕ್ಕರು. "ಅವನನ್ನ ತೆಗೀರಿ ಅಂತ ನಿನ್ನೆ ನೀನು ಬರೆದ ಪತ್ರಾನೇ ಸರಿ ಇದೆ ಬಿಡು."

ಉಜ್ಜಿನಪ್ಪ ತಲೆಯೆತ್ತಿ ಅವಳನ್ನೇ ನೋಡಿದ.