ಬ್ಯಾರನ್ನಿನಲ್ಲಿ ಬೆಂದ ಹೆರಾಲ್ಡು

ಕಟ್ಟೆಮಳಲವಾಡಿಯ ಪ್ರಭುಸ್ವಾಮಿಗೆ ಬಿಚ್ಚುವುದೆಂದರೆ ಪ್ರಾಣ. ಕೈಗೊಂದು ಸ್ಪ್ಯಾನರ್ ಸಿಕ್ಕಿದರೆ ಸಾಕು, ಎದುರಿಗಿದ್ದ ನಟ್ಟಿಗೆ ಉಳಿಗಾಲವಿರಲಿಲ್ಲ. ತೊಂದರೆಯೇನೆಂದರೆ ಮುಚ್ಚುವ ಹೊತ್ತಿಗೆ ಅವನ ಮನಸ್ಸು ಇನ್ನೊಂದರ ಮೇಲೆ ಹೋಗಿಬಿಟ್ಟಿರುತ್ತಿತ್ತು. ಮನೆಯ ಮಿಕ್ಸಿ ಐದು ವರ್ಷದಿಂದ ಅಟ್ಟದ ಮೇಲೆ ಬುಟ್ಟಿಯಲ್ಲಿತ್ತು. ಬೋರಿನ ಸ್ಟಾರ್ಟರ್ ಡಬ್ಬಿಗೆ ಮುಚ್ಚಳವಿರಲಿಲ್ಲ. ಗೋಡೆ ಗಡಿಯಾರದ ಮುಳ್ಳುಗಳು ಮಾತ್ರ ಗೋಡೆಯಲ್ಲಿದ್ದವು, ಗಡಿಯಾರ ಮಂಚದ ಕೆಳಗಿತ್ತು. ಹೆಂಡತಿ ಸುಂದ್ರಮ್ಮನ ತವರು ಸಾಲಿಗ್ರಾಮದಲ್ಲಿ ಅವನನ್ನು ಎದುರಿಗೆ ಅಳಿಯಂದಿರು ಅಂತಲೂ ಹಿಂದುಗಡೆ ಬಿಚ್ಚಪ್ಪ ಅಂತಲೂ ಕರೆಯುತ್ತಿದ್ದರು. ಹಿಂದುಗಡೆಯದೂ ಅವನ ಕಿವಿಗೆ ಬಿದ್ದಿತ್ತು.

ಕಳೆದ ವರ್ಷ ಯುಗಾದಿಗೆ ಸಾಲಿಗ್ರಾಮಕ್ಕೆ ಹೋದಾಗ, ಊಟ ಮುಗಿಸಿ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದವನ ಕಣ್ಣಿಗೆ ಕೊಟ್ಟಿಗೆಯ ಹಿಂದಿದ್ದ ಹೆರಾಲ್ಡ್ ಕಾರು ಬಿತ್ತು. ಮಾವ ಶಿವನಂಜಪ್ಪನವರದು. ಎರಡೇ ಬಾಗಿಲಿನ ಪುಟ್ಟ ಕಾರು, ಅವರ ಕಾಲದಲ್ಲಿ ಹಾಲಿನ ಕೆನೆಯಂಥ ಬಣ್ಣ. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಈಗ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ತುಕ್ಕು ಎಂಥದು ಅಂತೀರಿ, ಬಾನೆಟ್ಟಿನ ಮೇಲೆ ಕೈಯೂರಿದರೆ ಹಪ್ಪಳ ಮುರಿದ ಸದ್ದು. ಪ್ರಭುಸ್ವಾಮಿ ಒಳಗೆ ಕೂತು ಕಾಲು ಚಾಚಿದ. ಪಾದ ನೇರವಾಗಿ ಭೂಮಿಗೆ ತಾಗಿತು.

ಅಷ್ಟರಲ್ಲಿ ಬಾಮೈದ ವಿರೂಪಾಕ್ಷನ ಮಗಳು ಶಾಂಭವಿ ಬಂದಳು. ತಾತ ಅಜ್ಜಿಯನ್ನು ಮದುವೆ ಮಾಡಿಕೊಂಡು ಕರೆತಂದದ್ದು ಇದೇ ಕಾರಿನಲ್ಲಂತೆ, ಇದು ಓಡುವ ಹಾಗಾದರೆ ನನ್ನ ಮದುವೆಯ ಛತ್ರಕ್ಕೆ ನಾನೂ ಇದರಲ್ಲೇ ಹೋಗುತ್ತೇನೆ ಅಂದಳು. ಪ್ರಭುಸ್ವಾಮಿ ಆಗಲಿ ಕಣವ್ವಾ ಅಂದುಬಿಟ್ಟ. ವಿರೂಪಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಡಿದುಕೊಳ್ಳಲು ಅವನಿಗೆ ಹೊಟ್ಟೆಯೂ ಸಾಕಷ್ಟಿತ್ತು.

"ಬಾವಾ, ಬಿಚ್ಚೋದೇನೋ ನೀವು ಬಿಚ್ತೀರಿ. ನಮ್ಮುಡುಗಿ ಮದುವೆಗೆ ಬುಟ್ಟೀಲಿ ಹೋಗ್ಬೇಕಾಗ್ತದೆ ಅಷ್ಟೇ."

ಈ ಮಾತು ಪ್ರಭುಸ್ವಾಮಿಗೆ ಚುಚ್ಚಿತು. ಮಾರನೇ ದಿನವೇ ಟ್ರ್ಯಾಕ್ಟರ್ ತಂದು ಕಾರನ್ನು ಹೇರಿಕೊಂಡು ಹೋದ. ಕೋಳಿ ಮಾತ್ರ ಸಾಲಿಗ್ರಾಮದಲ್ಲೇ ಉಳಿಯಿತು.

ಪ್ರಭುಸ್ವಾಮಿಯ ವರ್ಕ್‌ಶಾಪು ಅಂದರೆ ಹಿತ್ತಿಲಿನ ಹಳೇ ಬ್ಯಾರನ್ನು. ಆ ಕಡೆಯ ಹೊಲಗಳಲ್ಲೆಲ್ಲ ಹೊಗೆಸೊಪ್ಪೇ. ಎಲೆಯನ್ನು ಕಡ್ಡಿಗೆ ಕಟ್ಟಿ ಎತ್ತರದ ಇಟ್ಟಿಗೆ ಕೋಣೆಯೊಳಗೆ ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಕೊಟ್ಟರೆ, ದಪ್ಪ ತಗಡಿನ ಕೊಳವೆಗಳಲ್ಲಿ ಶಾಖ ಒಳಗೆಲ್ಲ ಹರಿದು ಎಲೆ ಬೇಯುತ್ತದೆ. ಪ್ರಭುಸ್ವಾಮಿಯ ಹಳೇ ಬ್ಯಾರನ್ನಿನ ಮುಂಗೋಡೆ ಒಂದು ಮಳೆಗಾಲದಲ್ಲಿ ಬಿದ್ದುಹೋಗಿ, ಪಕ್ಕದಲ್ಲೇ ಹೊಸದು ಎದ್ದಿತ್ತು. ಹಳೆಯದರ ಬಾಯಿಗೆ ತಾಡಪಾಲು ಕಟ್ಟಿ ಕಾರನ್ನು ಒಳಗೆ ನಿಲ್ಲಿಸಿದ.

ವರ್ಷದ ಮೇಲೆ ನಾಲ್ಕು ತಿಂಗಳು ಅವನು ತುಕ್ಕಿನ ಜೊತೆ ಬಾಳ್ವೆ ಮಾಡಿದ. ಸೀಮೆಎಣ್ಣೆ ಸವರಿ, ತಂತಿ ಬ್ರಷ್ಷಿನಲ್ಲಿ ಕೆರೆದು, ಕೆಂಪು ಧೂಳು ತಲೆ ಮೇಲೆ ಹೊತ್ತು ಊಟಕ್ಕೆ ಬಂದರೆ ಸುಂದ್ರಮ್ಮ ಬಾಗಿಲಲ್ಲೇ ತಡೆದು ಒದ್ದೆ ಬಟ್ಟೆ ಎಸೆಯುತ್ತಿದ್ದಳು. ಕೆರೆದಷ್ಟೂ ಕಾರು ಕಮ್ಮಿಯಾಗುತ್ತ ಬಂತು. ಒಂದು ಹಂತದಲ್ಲಿ ಉಳಿದದ್ದು ಕಾರಿಗಿಂತ ತೂತೇ ಹೆಚ್ಚು. ಆಗ ಹಳೇ ಬ್ಯಾರನ್ನಿನ ಕೊಳವೆಗಳಲ್ಲಿ ಒಂದೆರಡನ್ನು ಕಿತ್ತು ಸೀಳಿ, ಬಡಿದು ಚಪ್ಪಟೆ ಮಾಡಿ, ಕಾರಿಗೆ ಹೊಸ ತಳ ಹಾಕಿದ. ಎಂಜಿನ್ನಿನ ಸಾಮಾನಿಗೆ ಮೈಸೂರು ಸುತ್ತಿದ. ಗೌರಿಹಬ್ಬದ ಹೊತ್ತಿಗೆ ಅದು ಕೆಮ್ಮಿತು, ಸಂಕ್ರಾಂತಿಗೆ ಗುಡುಗಿತು, ಈ ಯುಗಾದಿಗೆ ಹೊಲದ ಬದುವಿನವರೆಗೂ ಹೋಗಿ ತಾನಾಗಿ ವಾಪಸ್ಸು ಬಂತು.

ಶ್ರಾವಣದಲ್ಲಿ ಕೆ.ಆರ್. ನಗರದ ಛತ್ರದಲ್ಲಿ ಶಾಂಭವಿಯ ಮದುವೆ ಅಂತ ಗೊತ್ತಾಯಿತು. ಗಂಡಿನ ಕಡೆಯವರು ರಾವಂದೂರಿನವರು. ವಿರೂಪಾಕ್ಷ, ಯಾವುದಕ್ಕೂ ಇರಲಿ ಅಂತ, ಮೈಸೂರಿನಿಂದ ಬಿಳೀ ಕಾರೊಂದನ್ನು ಗೊತ್ತು ಮಾಡಹೊರಟರೆ ಶಾಂಭವಿ ಬಿಡಲಿಲ್ಲ. ಮಾವ ಮಾತು ಕೊಟ್ಟಿದ್ದಾರೆ, ಅವರು ತರದಿದ್ದರೆ ಆಟೋದಲ್ಲಿ ಹೋಗುತ್ತೇನೆ ಅಂದುಬಿಟ್ಟಳು. ಇದನ್ನು ಫೋನಿನಲ್ಲಿ ಕೇಳಿದ ಪ್ರಭುಸ್ವಾಮಿಗೆ ಎರಡು ದಿನ ಅನ್ನ ಸೇರಲಿಲ್ಲ. ಹುಟ್ಟಿದಾಗಿನಿಂದ ಅವನು ಏನನ್ನಾದರೂ ಮುಗಿಸುತ್ತಾನೆಂದು ನಂಬಿದವಳು ಅವಳೊಬ್ಬಳೇ.

ಮದುವೆಯ ಹಿಂದಿನ ದಿನ, ಗುರುವಾರ ಸಂಜೆ ವರಪೂಜೆ. ಅದಕ್ಕೆ ಮಧ್ಯಾಹ್ನವೇ ಹೆಣ್ಣನ್ನು ಛತ್ರಕ್ಕೆ ಕರೆದೊಯ್ಯಬೇಕು. ಪ್ರಭುಸ್ವಾಮಿ ಅದಕ್ಕೆ ಮುಂಚಿನ ಶನಿವಾರ ಬಣ್ಣ ಹೊಡೆದ. ಸುಂದ್ರಮ್ಮ ಆಗಲೇ ಚಪ್ಪರದ ಕೆಲಸಕ್ಕೆ ತವರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಬಣ್ಣ ಒಣಗಲಿಲ್ಲ. ಶ್ರಾವಣದ ಜಿಟಿಜಿಟಿ. ಭಾನುವಾರ ಅಂಟಂಟು, ಸೋಮವಾರವೂ ಅಂಟಂಟು. ಊರಿನವರು ಒಬ್ಬೊಬ್ಬರಾಗಿ ಬಂದರು. ಹೊಗೆಸೊಪ್ಪು ಬೆಳೆಯುವವರ ಬೆರಳು ಸುಮ್ಮನಿರುವುದಿಲ್ಲ, ಎಲೆಯ ಹದ ನೋಡಿ ನೋಡಿ ಬಂದ ಅಭ್ಯಾಸ. ಬಂದವರೆಲ್ಲ ಒಣಗ್ತಾ ಅಂತ ಕೇಳಿ, ಉತ್ತರಕ್ಕೆ ಕಾಯದೆ, ಬೆರಳಿಟ್ಟು ಒತ್ತಿ, ಇಲ್ಲ ಅಂತ ತಾವೇ ಹೇಳಿ ಹೋದರು. ಸೋಮವಾರ ಮಧ್ಯಾಹ್ನ ಬಾನೆಟ್ಟಿನ ಮೇಲೆ ಮೂವತ್ತು ಹೆಬ್ಬೆಟ್ಟುಗಳಿದ್ದವು. ಪ್ರಭುಸ್ವಾಮಿ ಅವನ್ನೆಲ್ಲ ಉಜ್ಜಿ ಮತ್ತೊಂದು ಕೈ ಹೊಡೆದು, ಇನ್ನು ಯಾರನ್ನೂ ಬಿಟ್ಟುಕೊಳ್ಳಬಾರದೆಂದು ಎರಡೂ ಬಾಗಿಲನ್ನು ಒತ್ತಿ ಮುಚ್ಚಿದ. ಬಣ್ಣ ಇನ್ನೂ ಹಸಿಯಾಗಿತ್ತು.

ಹುಣಸೂರಿನ ಬಣ್ಣದಂಗಡಿಗೆ ಫೋನು ಮಾಡಿದರೆ ಅಂಗಡಿಯವನು, ಅರವತ್ತು ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೆ ಒಣಗುತ್ತೆ, ಪಟ್ಟಣದಲ್ಲಿ ಅದಕ್ಕೇ ಕೋಣೆ ಇರುತ್ತೆ ಅಂದ. ಪ್ರಭುಸ್ವಾಮಿ ಫೋನಿಟ್ಟು ಸುತ್ತ ನೋಡಿದ. ಕೋಣೆಯೊಳಗೇ ನಿಂತಿದ್ದ. ಓಡಿಹೋಗಿ ಮಹದೇವಪ್ಪನನ್ನು ಕರೆತಂದ.

ಮಹದೇವಪ್ಪ ಪಕ್ಕದ ಹೊಲದವನು, ಬಾಲ್ಯದ ಗೆಳೆಯ. ಹೊಗೆಸೊಪ್ಪು ಬೇಯಿಸುವುದರಲ್ಲಿ ನಾಲ್ಕೂರಿಗೆ ಅವನದೇ ಕೈ. ಬ್ಯಾರನ್ನಿನ ಹೊರಗೆ ನಿಂತು ಮೂಗೆತ್ತಿದರೆ ಒಳಗೆ ಎಲೆ ಯಾವ ಹಂತದಲ್ಲಿದೆ ಅಂತ ಹೇಳುತ್ತಿದ್ದ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಗೋಡೆಯ ಥರ್ಮಾಮೀಟರು ನೋಡಿದ. ಬೆಂಕಿಯೇ ಇಲ್ಲದೆ ಅದು ಎಪ್ಪತ್ತೆರಡು ತೋರಿಸುತ್ತಿತ್ತು. ಅದು ಫ್ಯಾರನ್‌ಹೀಟ್ ಲೆಕ್ಕದ್ದು, ಅಂಗಡಿಯವನು ಹೇಳಿದ್ದು ಸೆಂಟಿಗ್ರೇಡಿನಲ್ಲಿ. ಬ್ಯಾರನ್ನಿನಲ್ಲೇ ಬಾಳಿದ ಇಬ್ಬರಿಗೂ ಡಿಗ್ರಿಯಲ್ಲಿ ಎರಡು ಜಾತಿ ಇರುವುದು ಹೊಳೆಯಲಿಲ್ಲ.

"ಅರವತ್ತಾ? ಅರವತ್ತು ಅಂದ್ರೆ ಚಳಿ ಕಣ್ಲಾ ಪ್ರಬು. ಅವ್ನು ನೂರರವತ್ತು ಅಂದಿರ್ತಾನೆ, ನೀನು ಅರ್ಧ ಕೇಳಿಸ್ಕಂಡಿದ್ದೀಯ. ಒಂದ್ ಗಂಟೇಲಿ ಏನ್ ಬೇಯ್ತದೆ? ಅಂಗಡೀಲಿ ಕೂತೋನಿಗೆ ಬೇಯ್ಸೋದು ಏನ್ ಗೊತ್ತು. ನಂಗೆ ಬುಡು."

ಅವನಿಗೇ ಬಿಟ್ಟದ್ದಾಯಿತು. ಸೀಟು, ಕಿಟಕಿಯ ಗಾಜು ಬಣ್ಣ ಹೊಡೆಯುವ ಮುಂಚೆಯೇ ಹೊರಗೆ ಬಂದಿದ್ದವು; ಈಗ ಚಕ್ರ, ಪೆಟ್ರೋಲ್ ಟ್ಯಾಂಕೂ ಬಿಚ್ಚಿ ಹೊರಗಿಟ್ಟರು. ಬಿದ್ದ ಗೋಡೆಯ ಜಾಗಕ್ಕೆ ಇಟ್ಟಿಗೆ ಪೇರಿಸಿ ಕೆಸರು ಮೆತ್ತಿದರು. ಪ್ರಭುಸ್ವಾಮಿ ಒಲೆಗೆ ಊದುಬತ್ತಿ ಹಚ್ಚಿದ, ಮಹದೇವಪ್ಪ ಸೌದೆ ಕೊಟ್ಟ. ಒಂದು ಗಂಟೆಯಾದ ಮೇಲೆ ಪ್ರಭುಸ್ವಾಮಿ ಸಾಕೇನೋ ಅಂತ ಮೆಲ್ಲಗೆ ಕೇಳಿದ. ಮಹದೇವಪ್ಪನಿಗೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಅವನು ಯಾವ ಬ್ಯಾರನ್ನನ್ನೂ ಅರ್ಧಕ್ಕೆ ಬಿಟ್ಟು ಎದ್ದವನಲ್ಲ. ಮೊದಲ ದಿನ ಸಣ್ಣ ಉರಿ, ಹಳದಿ ತಿರುಗೋಕೆ. ಎರಡನೇ ದಿನ ನಡುವುರಿ. ಮೂರನೇ ದಿನ ಎಲೆಯ ನಡುವಿನ ಕಡ್ಡಿ ಒಣಗೋಕೆ ನೂರರವತ್ತು. ಕಾರಿಗೆ ಕಡ್ಡಿ ಎಲ್ಲಿದೆಯೋ ಅಂತ ಕೇಳಿದ್ದಕ್ಕೆ, ಎಲ್ಲದಕ್ಕೂ ಇರ್ತದೆ ಸುಮ್ನಿರು ಅಂದ. ಎಲೆಯನ್ನು ಬೇಗ ಬೇಯಿಸಿದರೆ ಮುಟ್ಟಿದಾಗ ಪುಡಿಯಾಗುತ್ತದೆ, ಬಣ್ಣವೂ ಹಾಗೇ ಅನ್ನುವುದು ಅವನ ಸಿದ್ಧಾಂತ. ಪ್ರಭುಸ್ವಾಮಿ ಇನ್ನೊಂದು ಹೊರೆ ಸೌದೆ ತಂದು ಹಾಕಿದ.

ಗುರುವಾರ ಬೆಳಿಗ್ಗೆ ಇಟ್ಟಿಗೆ ಇಳಿಸಿದರು. ಒಳಗಿದ್ದ ಕಾರು ಹಾಲಿನ ಕೆನೆಯ ಬಣ್ಣದ್ದಲ್ಲ. ಹಳೇ ಕೊಳವೆಗಳ ಸಂದಿಯಿಂದ ಮೂರು ದಿನ ಹೊಗೆ ಕುಡಿದು, ಕಾವು ಕುಡಿದು, ಅದು ಹೊಳೆಹೊಳೆಯುವ ಚಿನ್ನದ ಹಳದಿಗೆ ತಿರುಗಿತ್ತು. ಮಹದೇವಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಮೊದಲ್ನೇ ದರ್ಜೆ ಅಂದ. ಬೆರಳಿಟ್ಟು ಒತ್ತಿದ. ಗುರುತು ಬೀಳಲಿಲ್ಲ. ಪ್ರಭುಸ್ವಾಮಿಗೆ ಅಷ್ಟು ಸಾಕಾಗಿತ್ತು. ಟ್ಯಾಂಕು, ಚಕ್ರ ಕೂರಿಸಿ, ಸೀಟುಗಳನ್ನು ಕಿಟಕಿಯಲ್ಲೇ ಒಳಗೆ ತೂರಿಸಿ ಬಿಗಿದ. ಕಿಟಕಿಗೆ ಗಾಜು ಹಾಕಲು ಪುರಸೊತ್ತಾಗಲಿಲ್ಲ. ಹಾಗೆ ಕಿಟಕಿಯಲ್ಲೇ ಯಾಕೆ ತೂರಿಸಬೇಕಾಯಿತು ಅಂತೀರೋ? ಬಾಗಿಲು ಬರಲಿಲ್ಲ.

ಎರಡೂ ಬರಲಿಲ್ಲ. ಹಸಿ ಬಣ್ಣದಲ್ಲಿ ಒತ್ತಿ ಮುಚ್ಚಿದ ಬಾಗಿಲು, ಮೂರು ದಿನ ಬೆಂದು, ರಬ್ಬರು ಕರಗಿ, ಕಾರಿನ ಮೈಗೆ ಮೈಯಾಗಿ ಕೂತುಬಿಟ್ಟಿತ್ತು. ಮೀಟಿದರೆ ಬಣ್ಣದ ಜೊತೆ ಹೊಸ ತಗಡೂ ಕಿತ್ತು ಬರುವ ಲಕ್ಷಣ. ಗಂಟೆ ಹನ್ನೊಂದು. ಪ್ರಭುಸ್ವಾಮಿ ಪಂಚೆ ಎತ್ತಿಕಟ್ಟಿ, ತಲೆ ಮೊದಲು ಮಾಡಿ ಕಿಟಕಿಯಲ್ಲಿ ತೂರಿದ. ಮಹದೇವಪ್ಪ ಹಿಂದಿನಿಂದ ಕಾಲು ಹಿಡಿದು ನೂಕಿದ. ಬಾಗಿಲಿನ ಮಾತು ಆಮೇಲೆ ನೋಡಿಕೊಂಡರಾಯಿತು ಅಂತ ಪ್ರಭುಸ್ವಾಮಿ ಸಾಲಿಗ್ರಾಮಕ್ಕೆ ಕಾರು ಬಿಟ್ಟೇಬಿಟ್ಟ.

ಸಾಲಿಗ್ರಾಮದಲ್ಲಿ ಚಪ್ಪರದ ಮುಂದೆ ಹಳದಿ ಹೆರಾಲ್ಡು ಬಂದು ನಿಂತಾಗ ಜನ ಬಾಯಿ ಬಿಟ್ಟುಕೊಂಡು ನಿಂತರು. ವಿರೂಪಾಕ್ಷನ ಕಣ್ಣಲ್ಲಿ ನೀರೇ ಬಂತು. ಅಳಿಯಂದಿರ ಕಾಲಿಗೆ ಕೊಡಲು ಚೊಂಬಿನಲ್ಲಿ ನೀರು ತಂದ. ಅಳಿಯಂದಿರ ಕಾಲು ಹೊರಗೆ ಬರಲಿಲ್ಲ. ಪ್ರಭುಸ್ವಾಮಿ ಸ್ಟೀರಿಂಗ್ ಹಿಡಿದು ನಗುತ್ತ ಕೂತಿದ್ದ. ಇಳೀರಿ ಅಂದರು. ಇರಲಿ ಬಿಡಿ, ಇಲ್ಲೇ ಚೆನ್ನಾಗಿದೆ ಅಂದ.

ವಿರೂಪಾಕ್ಷನ ಮುಖ ಸಣ್ಣದಾಯಿತು. ವರ್ಷಗಟ್ಟಲೆ ಬಿಚ್ಚಪ್ಪ ಅಂದದ್ದು ಇವರ ಕಿವಿಗೆ ಬಿದ್ದಿದೆ, ಅದಕ್ಕೇ ಇವತ್ತು ಮರ್ಯಾದೆಗೆ ಕಾಯುತ್ತಿದ್ದಾರೆ ಅಂತ ಲೆಕ್ಕ ಹಾಕಿದ. ಓಡಿಹೋಗಿ ಶಾಲು ತಂದು ಕಿಟಕಿಯಲ್ಲಿ ಕೈ ಹಾಕಿ ಹೊದಿಸಿದ. ಇಳಿಯಲಿಲ್ಲ. ವರನಿಗೆ ಅಂತ ತಂದಿಟ್ಟಿದ್ದ ಪೇಟ ತಂದು ತಲೆಗಿಟ್ಟ. ಪೇಟ ಇಟ್ಟುಕೊಂಡು ಪ್ರಭುಸ್ವಾಮಿ ಹಾಗೇ ಕೂತ. ಫಲತಾಂಬೂಲ ಒಳಗೆ ಹೋಯಿತು, ಕಾಫಿ ಒಳಗೆ ಹೋಗಿ ಲೋಟ ಹೊರಗೆ ಬಂತು, ಇಬ್ಬರು ಮುತ್ತೈದೆಯರು ಕಿಟಕಿಗೇ ಆರತಿ ಎತ್ತಿದರು. ಪ್ರಭುಸ್ವಾಮಿ ಪೇಟ ಸರಿಮಾಡಿಕೊಂಡ. ನಿಜ ಹೇಳಿದರೆ ಮತ್ತೆ ಬಿಚ್ಚಪ್ಪ, ಹೇಳದಿದ್ದರೆ ದುರಹಂಕಾರಿ. ವಿರೂಪಾಕ್ಷ ಕೊನೆಗೆ ಕೈ ಮುಗಿದು, ಏನಾದ್ರೂ ಆಡಿದ್ರೆ ಹೊಟ್ಟೆಗೆ ಹಾಕ್ಕಳಿ ಬಾವ ಅಂತ ನಿಂತ.

ಅಷ್ಟರಲ್ಲಿ ಶಾಂಭವಿ ರೇಷ್ಮೆ ಸೀರೆಯುಟ್ಟು ಹೊರಗೆ ಬಂದಳು. ನೇರವಾಗಿ ಬಂದು ಬಾಗಿಲ ಹಿಡಿ ಎಳೆದಳು. ಮತ್ತೆ ಎಳೆದಳು. ಬಗ್ಗಿ ಪ್ರಭುಸ್ವಾಮಿಯ ಮುಖ ನೋಡಿದಳು.

"ಬರಲ್ಲ ಕಣವ್ವಾ," ಅಂದ ಅವನು ಮೆಲ್ಲಗೆ. "ಈ ಸಲ ಮುಚ್ಚಿಬಿಟ್ಟಿದ್ದೀನಿ."

ಹಿಂದಿನಿಂದ ಬಂದಿದ್ದ ಸುಂದ್ರಮ್ಮನಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಸೆರಗು ಬಾಯಿಗಿಟ್ಟುಕೊಂಡು ಚಪ್ಪರದ ಕಂಬ ಹಿಡಿದಳು. ಶಾಂಭವಿ ನಗಲಿಲ್ಲ, ಕಷ್ಟಪಟ್ಟು ತಡೆದುಕೊಂಡಳು.

"ಅದಕ್ಕೇನೀಗ ಮಾವ, ಬಿಚ್ಚಿ. ಅದನ್ನೂ ನಿಮಗೆ ಹೇಳ್ಕೊಡಬೇಕಾ?"

ಹೆರಾಲ್ಡಿನ ಟಾಪು ಬೋಲ್ಟಿನ ಮೇಲೆ ನಿಂತದ್ದು. ಬಿಚ್ಚಿದರೆ ಇಡೀ ಚಾವಣಿ ತಟ್ಟೆಯ ಹಾಗೆ ಎದ್ದುಬರುತ್ತದೆ. ಪ್ರಭುಸ್ವಾಮಿಯ ಮುಖಕ್ಕೆ ರಕ್ತ ಬಂತು. ಒಳಗಿನಿಂದ ಅವನು ನಟ್ಟು ಹಿಡಿದ, ಹೊರಗೆ ರೇಷ್ಮೆ ಪಂಚೆಯ ವಿರೂಪಾಕ್ಷ ಅವನು ಹೇಳಿದ ಹಾಗೆಲ್ಲ ಸ್ಪ್ಯಾನರ್ ತಿರುಗಿಸಿದ. ಹನ್ನೆರಡು ನಿಮಿಷ. ನಾಲ್ಕು ಜನ ಟಾಪನ್ನು ಎತ್ತಿ ಹಿಂದೆ ಬರುವ ವ್ಯಾನಿಗೆ ಹಾಕಿದರು. ಶಾಂಭವಿಯನ್ನು ಕುರ್ಚಿ ಹತ್ತಿಸಿ ಮೇಲಿನಿಂದ ಇಳಿಸಿದರು. ತಲೆ ಮೇಲೆ ಆಕಾಶ, ಒಂದೆರಡು ಹನಿ, ಕೈಯಲ್ಲಿ ಕೊಡೆ. ದಾರಿಯುದ್ದಕ್ಕೂ ಗದ್ದೆಯ ಹೆಂಗಸರು ನಾಟಿ ನಿಲ್ಲಿಸಿ ನೋಡಿದರು. ಮದುಮಗಳು ಎಲ್ಲರಿಗೂ ಕೈ ಬೀಸಿದಳು. ಹೊಗೆಸೊಪ್ಪಿನ ವಾಸನೆಗೆ ಮೂರು ಸಲ ಸೀನಿದಳು, ಅಷ್ಟೇ.

ಛತ್ರ ಸೇರುವ ಹೊತ್ತಿಗೆ ಮೋಡ ದಟ್ಟವಾಗಿತ್ತು. ಶಾಂಭವಿಯನ್ನು ಎತ್ತಿ ಇಳಿಸಿದ ಮೇಲೆ ಪ್ರಭುಸ್ವಾಮಿಯೂ ಹೊರಗೆ ಹಾರಿ, ಟಾಪು ತರಿಸಿದ. ಮಳೆ ಬರುವುದರೊಳಗೆ ಮುಚ್ಚಲೇಬೇಕು, ಅದೂ ಬೀಗರು ಬರುವ ಮುಂಚೆ. ಒಳಗೆ ಕೂತು ನಟ್ಟು ಹಿಡಿಯಲು ಒಬ್ಬರು ಬೇಕಿತ್ತು. ಈಗ ಕೆಲಸ ಕಲಿತ ಹುರುಪಿನಲ್ಲಿದ್ದ ವಿರೂಪಾಕ್ಷ, ನಾನೇ ಕೂರ್ತೀನಿ ಅಂತ ಕುರ್ಚಿ ಹತ್ತಿ ಒಳಗಿಳಿದ. ಪ್ರಭುಸ್ವಾಮಿ ಒಂದೊಂದೇ ಬೋಲ್ಟನ್ನು ಬಿಗಿದ. ಮನಸ್ಸು ಎಲ್ಲೂ ಆಚೀಚೆ ಹೋಗಲಿಲ್ಲ. ಕೊನೆಯದನ್ನು ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಸಂದಿಲ್ಲ, ಸಡಿಲಿಲ್ಲ. ಸ್ಪ್ಯಾನರನ್ನು ಪಂಚೆಯ ತುದಿಗೆ ಒರೆಸಿದ.

ಆಗ ಗೇಟಿನ ಕಡೆಯಿಂದ ವಾಲಗದ ಸದ್ದು. ರಾವಂದೂರಿನವರು ಬಂದಿಳಿದಿದ್ದರು. ಹೆಣ್ಣಿನ ತಂದೆ ಹೋಗಿ ಎದುರುಗೊಳ್ಳಬೇಕು. ಹೆಣ್ಣಿನ ತಂದೆ ಕಿಟಕಿಯಲ್ಲಿ ತಲೆ ಹಾಕಿದ, ಒಂದು ಭುಜ ಹಾಕಿದ, ಹೊಟ್ಟೆಯ ಹತ್ತಿರ ನಿಂತ, ಮತ್ತೆ ಒಳಗೆ ಹೋದ.

"ಬಾವಾ, ಬಿಚ್ಚಿ," ಅಂದ.

ಪ್ರಭುಸ್ವಾಮಿ ಸ್ಪ್ಯಾನರ್ ನೋಡಿದ, ಟಾಪು ನೋಡಿದ, ವಾಲಗ ಕೇಳಿದ. ಇದೊಂದನ್ನು ಮಾತ್ರ ಅವನ ಕೈ ಬಿಚ್ಚಲು ಒಪ್ಪಲಿಲ್ಲ. ಸ್ಪ್ಯಾನರನ್ನು ಜೇಬಿಗೆ ಹಾಕಿ, ಆ ಕಡೆಯ ಕಿಟಕಿಯಲ್ಲಿ ತಲೆ ಮೊದಲಾಗಿ ತೂರಿಕೊಂಡು, ಕಾರು ಸ್ಟಾರ್ಟ್ ಮಾಡಿ, ಬಾಮೈದನನ್ನು ಮೆಲ್ಲಗೆ ಗೇಟಿನ ತನಕ ಒಯ್ದು ನಿಲ್ಲಿಸಿದ. ವಿರೂಪಾಕ್ಷ ಕಿಟಕಿಯಿಂದಲೇ ಕೈ ಮುಗಿದು, ಬನ್ನಿ ಬನ್ನಿ, ದಾರಿ ಚೆನ್ನಾಗಿತ್ತಾ ಅಂತ ಎಲ್ಲರನ್ನೂ ಕೇಳಿದ.

ಬೀಗರು ವೀರಭದ್ರಸ್ವಾಮಿ ತಾವೂ ಕೈ ಮುಗಿದು, ಹಳದಿ ಕಾರನ್ನೊಮ್ಮೆ, ಒಳಗೆ ಶಾಲು ಪೇಟದಲ್ಲಿ ಕೂತ ಡ್ರೈವರನ್ನೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕಡೆ ಬಾಗಿ, ಮೆಚ್ಚಿಕೊಂಡ ದನಿಯಲ್ಲಿ ಹೇಳಿದರು:

"ನಮ್ಮ ಕಡೆ ನಡ್ಕೊಂಡು ಬಂದು ಎದುರುಗೊಳ್ತೀವಿ. ಸಾಲಿಗ್ರಾಮದವ್ರು ಕಾರಲ್ಲಿ ಬತ್ತಾರೆ ಕಣೇ, ನೋಡ್ಕೋ."