ಕುದುರೆಗಳಿಗೆ ಕೊಂಡಿ ಸಿಕ್ಕಿಸಿದ್ದು

ಬಡಗಿಯ ಮರದ ಕುದುರೆಗಳಿಗೆ ಕೊನೆಯ ಬಣ್ಣ ಒಣಗುವಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ನೋಡಿಹೋಗಿತ್ತು. ಟ್ರೈಲರಿನ ಮೇಲೊಂದು ತಿರುಗುವ ತಟ್ಟೆ, ತಟ್ಟೆಯ ಸುತ್ತ ಕುದುರೆಗಳು. ಊರೂರಿಗೆ ಒಯ್ದು ಮಕ್ಕಳನ್ನು ಗಿರಗಿರನೆ ಸುತ್ತಿಸಬೇಕೆಂಬುದು ಅವನ ಬಹುಕಾಲದ ಹುಚ್ಚು. ಒಯ್ಯುವ ಪಾಡು ಮಾತ್ರ ಹೆಂಡತಿಯದು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಡ್ರೈವರಕ್ಕ ಎಂದೇ. ಬೀರು, ಮಂಚ, ಸಿಮೆಂಟು, ಏನೇ ಇರಲಿ, ತನ್ನ ಪುಟ್ಟ ಲಾರಿಗೆ ಹೇರಿಕೊಂಡು ಎಂಥ ಸಂದಿಯೊಳಕ್ಕೂ ರಿವರ್ಸಿನಲ್ಲೇ ನುಗ್ಗಿಸುವ ಗಟ್ಟಿಗಿತ್ತಿ. ಆದರೆ ಬೆನ್ನಿಗೆ ಇನ್ನೊಂದು ಗಾಡಿ ಕಟ್ಟಿಕೊಂಡು ಹೋಗಿ ಗೊತ್ತಿರಲಿಲ್ಲ.

ಟ್ರೈಲರಿನ ಮೂತಿಯನ್ನು ಲಾರಿಯ ಕೊಂಡಿಗೆ ಸಿಕ್ಕಿಸಿದ್ದೇ ತಡ, ಲಾರಿಯ ಹಿಂಭಾಗ ಕುಕ್ಕರಿಸಿ ಮುಂಭಾಗ ಮೇಲಕ್ಕೆದ್ದಿತು. ಸ್ಟಿಯರಿಂಗು ಹತ್ತಿಯಷ್ಟು ಹಗುರ.

“ರೀ, ಇದೇನ್ರೀ, ಲಾರಿ ಆಕಾಶ ನೋಡ್ತಿದೆ!”

“ಗತ್ತು ಕಣೇ. ಕುದುರೆಗಳ್ನೇ ಎಳ್ಕೊಂಡು ಹೋಗ್ತೀನಿ ಅಂತ ಗತ್ತು.”

ಆ ಗತ್ತಿನಲ್ಲೇ ತೆವಳಿಕೊಂಡು ಬೀದಿ ಕೊನೆಯಲ್ಲಿ ಲಾರಿಗಳಿಗೆ ಸ್ಪ್ರಿಂಗ್ ಹಾಕುವ ಅಂಗಡಿಗೆ ಹೋದರು. ಜೊತೆಗೆ ಬಡಗಿಯ ತಾಯಿಯೂ ಹೊರಟರು. “ನನ್ನ ಮಗನ ಕುದುರೆ ಓಡೋದು ನಾನು ನೋಡ್ಬೇಡ್ವಾ?” ಎಂದವರನ್ನು ತಡೆಯುವ ಧೈರ್ಯ ಯಾರಿಗಿತ್ತು? ಅಂಗಡಿಯ ದಪ್ಪಣ್ಣ ಲಾರಿಯಡಿ ತೂರಿ, ಎದ್ದು, ಕೈ ಒರೆಸಿಕೊಂಡ.

“ಅಕ್ಕಾ, ನಿನ್ನ ಸ್ಪ್ರಿಂಗ್ ಪಟ್ಟಿಗಳು ಹಪ್ಪಳ ಆಗಿವೆ. ಇನ್ನೆರಡು ಪಟ್ಟಿ ಸೇರಿಸ್ತೀನಿ, ಆನೆ ಕಟ್ಟಿದ್ರೂ ಬಗ್ಗಲ್ಲ.”

ಪಟ್ಟಿ ಸೇರಿದ ಮೇಲೆ ಲಾರಿ ನೆಟ್ಟಗೆ ನಿಂತಿತು. ಹಿಂಭಾಗ ಏರಿದ್ದರಿಂದ ಟ್ರೈಲರಿನ ಮೂತಿಯೂ ಏರಿತು. ದಪ್ಪಣ್ಣ ಮೂತಿ ಕೂರುವ ಕೊಂಡಿಯ ಗುಂಡನ್ನು ಬಿಚ್ಚಿ ಕೆಳಗಿನ ತೂತಿಗೆ ಇಳಿಸಿ ಬಿಗಿದ. ಟ್ರೈಲರು ನೆಲಕ್ಕೆ ಸಮನಾಯಿತು. ಬಡಗಿಗೆ ಹುಮ್ಮಸ್ಸು ತಡೆಯಲಿಲ್ಲ. ಮೂತಿಗೆ ಇನ್ನೂ ಭಾರವೇಕೆಂದು, ಅಲ್ಲಿದ್ದ, ತಟ್ಟೆ ತಿರುಗಿಸುವ ಮೋಟಾರು ಬ್ಯಾಟರಿಗಳ ಪೆಟ್ಟಿಗೆಯನ್ನು ಟ್ರೈಲರಿನ ಬಾಲದ ತುದಿಗೆ ಎಳೆದುಬಿಟ್ಟ.

ತಾಯಿಯನ್ನು ಅಂಗಡಿಯಲ್ಲೇ ಕೂರಿಸಿ ಗಂಡಹೆಂಡತಿ ರಸ್ತೆಗಿಳಿದು ಸ್ವಲ್ಪ ವೇಗ ಹಿಡಿದದ್ದೇ ಟ್ರೈಲರು ನಾಯಿಬಾಲದ ಹಾಗೆ ಅತ್ತಿತ್ತ ಆಡತೊಡಗಿತು. ಲಾರಿಯ ಬೆನ್ನೂ ಜೊತೆಗೆ ಕುಣಿಯಿತು.

“ಬ್ರೇಕ್ ಹಾಕೇ!” ಎಂದು ಬಡಗಿ ಕಿರುಚಿದ.

“ಸುಮ್ನಿರ್ರೀ!” ಬ್ರೇಕ್ ಒತ್ತಿದರೆ ಹಿಂದಿನದು ಮುಂದಕ್ಕೆ ಬಂದು ತಮ್ಮನ್ನೇ ಮಗುಚುತ್ತದೆಂದು ಅವಳ ಅಂಗಾಲು ಹೇಳುತ್ತಿತ್ತು. ಸ್ಟಿಯರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲೆತ್ತಿದಳು. ಕುಣಿತ ಇಳಿಯಿತು. ಗಾಡಿ ನಿಂತ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅವಳೇ. ನಗು ಹತ್ತಿಕೊಂಡರೆ ಬಿಡುತ್ತದೆಯೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮೆಲ್ಲಗೆ ಅಂಗಡಿಯಂಗಳಕ್ಕೆ ಮರಳಿದರು. “ಭಾರ ಮೂತಿ ಮೇಲೆ ಸ್ವಲ್ಪ ಇರ್ಬೇಕು, ಪೂರಾ ಇರ್ಬಾರ್ದು,” ಎಂದಳು ಅವಳು. ಎಷ್ಟು ಸ್ವಲ್ಪ ಎಂದು ತಿಳಿಯಲು ಅತ್ತೆಯನ್ನೇ ಕುದುರೆ ಹತ್ತಿಸಿದರು. ಬಡಗಿ ತಟ್ಟೆ ತಾನಾಗಿ ತಿರುಗದಂತೆ ಹಾಕಿದ್ದ ಬೀಗದ ಗೂಟ ಕಿತ್ತು, ತಟ್ಟೆಯನ್ನು ಕೈಯಲ್ಲೇ ತಿರುಗಿಸಿದ. ಅತ್ತೆ ಮುಂದೆ ಬಂದರೆ ಮೂತಿ ತಗ್ಗುತ್ತಿತ್ತು, ಹಿಂದೆ ಹೋದರೆ ಏಳುತ್ತಿತ್ತು.

“ನನ್ನೇನು ತೂಕದ ಕಲ್ಲು ಮಾಡ್ಕೊಂಡ್ರೇನೋ?” ಎಂದರು ಅತ್ತೆ. ಆದರೆ ಇಳಿಯುವ ಮಾತೆತ್ತಲಿಲ್ಲ.

ಪೆಟ್ಟಿಗೆ ಗೇಣು ಗೇಣಾಗಿ ಮುಂದೆ ಸರಿಯಿತು. ಚಕ್ರಗಳನ್ನು ದಾಟಿ ಸ್ವಲ್ಪ ಮುಂದೆ ಬಂದಾಗ ಹದ ಸಿಕ್ಕಿತೆಂದು ದಪ್ಪಣ್ಣ ಚಪ್ಪಾಳೆ ತಟ್ಟಿದ. ಕೊಂಡಿ ಕಳಚಿದರೂ ಟ್ರೈಲರು ಬಿಟ್ಟುಹೋಗದಂತೆ ಸರಪಳಿಗಳನ್ನು ಕೊಂಡಿಯಡಿ ಅಡ್ಡಡ್ಡ ಸಿಕ್ಕಿಸಿದರು. ಡ್ರೈವರಕ್ಕ ತಡೆಯಲಾರದೆ ಹಾರಿ ಸೀಟಿಗೇರಿ, ಅಂಗಳದಲ್ಲೇ ಒಂದು ಸುತ್ತು ಹೊರಟಳು. ಗೂಟ ಇನ್ನೂ ಬಡಗಿಯ ಜೇಬಿನಲ್ಲಿತ್ತು. ಅತ್ತೆ ಇನ್ನೂ ಕುದುರೆಯ ಮೇಲಿದ್ದರು.

ತಿರುವಿನಲ್ಲಿ ಅವಳು ಕನ್ನಡಿ ನೋಡಿದಳು. ಅತ್ತೆ ಬಂದರು, ಹೋದರು, ಮತ್ತೆ ಬಂದರು. ಸೀರೆಯ ಸೆರಗು ಬಾವುಟದಂತೆ ಹಾರುತ್ತಿತ್ತು. ಹಿಂದೆ ಬಡಗಿ “ಅಮ್ಮಾ, ಅಮ್ಮಾ” ಎಂದು ಗೂಟ ಎತ್ತಿ ಹಿಡಿದು ಓಡುತ್ತಿದ್ದ, ಅವನ ಹಿಂದೆ ಏದುಸಿರು ಬಿಡುತ್ತ ದಪ್ಪಣ್ಣ. ಡ್ರೈವರಕ್ಕ ಗಾಡಿಯನ್ನು ಹೂವಿನಂತೆ ನಿಲ್ಲಿಸಿ ಇಳಿದೋಡಿದಳು.

“ಅತ್ತೆ! ಏನಾದ್ರೂ ಆಯ್ತಾ?”

ತುರುಬು ಬಿಚ್ಚಿಹೋಗಿದ್ದ ಅತ್ತೆ ಕುದುರೆಯ ಕತ್ತು ತಬ್ಬಿ ಗದರಿದರು: “ಯಾಕೆ ನಿಲ್ಸಿದೆ? ಇನ್ನೊಂದು ಸುತ್ತು ಹೊಡಿಯೇ!”

ಗೂಟ ಹಾಕದೆ ಲಾರಿ ಕದಲಿಸುವುದಿಲ್ಲವೆಂದು ಸೊಸೆ ಪಟ್ಟು ಹಿಡಿದಳು. ಕೊನೆಗೆ ಗಂಡನೂ ದಪ್ಪಣ್ಣನೂ ಸೇರಿ ತಟ್ಟೆಯನ್ನು ಕೈಯಲ್ಲೇ ಸುತ್ತಿಸಿ, ತಾಯಿಗೆ ಸಾಕೆನಿಸುವ ಹೊತ್ತಿಗೆ ತಾವೇ ತಲೆತಿರುಗಿ ನೆಲಕ್ಕೆ ಕೂತರು.

ಮರುದಿನ ಶಾಲೆಯೊಂದರ ಮೈದಾನಕ್ಕೆ ಹೊರಟರು. ಲಾರಿ ಎಷ್ಟು ಹದವಾಗಿ ಸಾಗಿತೆಂದರೆ ಹಿಂದೊಂದು ಗಾಡಿಯಿದೆ ಎನ್ನಿಸಲೇ ಇಲ್ಲ. ಡ್ರೈವರಕ್ಕನಿಗೆ ದಿಗಿಲಾಯಿತು. ಕನ್ನಡಿಯನ್ನೂ ನಂಬದೆ ರಸ್ತೆ ಬದಿಗೆ ನಿಲ್ಲಿಸಿ, ಇಳಿದು ಹೋಗಿ ಒಂದು ಕುದುರೆಯ ಮೂಗು ಮುಟ್ಟಿ ಬಂದಳು.

“ಇದೆಯೇನೇ?” ಎಂದ ಬಡಗಿ.

“ಇದೆ ಕಣ್ರೀ,” ಎಂದು ಗೇರು ಹಾಕಿದಳು, ಮತ್ತೆ ನಗು ಉಕ್ಕಿ ಬಂತು.