ಬಿಳಿ ಬಳಿದ ಕಾದಂಬರಿ

ಕುಂಚದ ತುದಿಯನ್ನು ಬಟ್ಟಲಿನಂಚಿಗೆ ಒತ್ತಿ, ರೇಣುಕಾ ‘ತಾಯಿ’ ಎಂಬ ಪದವನ್ನು ಬಿಟ್ಟು ಉಳಿದ ಸಾಲಿಗೆಲ್ಲ ಬಿಳಿ ಬಣ್ಣ ಬಳಿದಳು. ಆ ಪುಟದಲ್ಲಿ ಈಗ ಉಳಿದದ್ದು ಇಷ್ಟೇ: ತಾಯಿ, ಬಾಗಿಲು, ಹಾಕಿದಳು.

ಸಿಂದಗಿಯಲ್ಲಿ ಡ್ರಾಯಿಂಗ್ ಟೀಚರ್ ಆಗಿರುವ ಗೆಳತಿ ನಿಷತ ಕಲಿಸಿದ ಕೆಲಸ ಇದು. ಹಳೆಯ ಕಾದಂಬರಿಯ ಮಾತುಗಳನ್ನು ಅಳಿಸುತ್ತ ಹೋಗಬೇಕು. ಉಳಿದದ್ದು ನಿನ್ನ ಪುಸ್ತಕ. ಸಿಂದಗಿಯ ಪ್ರದರ್ಶನಕ್ಕೆ ಒಂದು ಕೊಡು ಎಂದಿದ್ದಳು. ರೇಣುಕಾ ಆರಿಸಿಕೊಂಡದ್ದು ತೀರಿಹೋದ ಮಾವ ರೇವಪ್ಪನವರ ಪುಸ್ತಕ. ಅವರು ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು. ಅಕ್ಷರ ಬಾರದ ಅತ್ತೆ ಲಕ್ಕವ್ವನಿಗೆ ಕೇಳಿ ಕೇಳಿಯೇ ಬಾಯಿಪಾಠವಾಗಿತ್ತು. ಈಗ ಅವರಿಗೆ ಕಣ್ಣೂ ಕಾಣುವುದಿಲ್ಲ.

“ಓದವಾ, ಹೊತ್ತು ಹೋಗವಲ್ದು,” ಎಂದರು ಅತ್ತೆ.

ರೇಣುಕಾ ಉಳಿದ ಪದಗಳನ್ನಷ್ಟೇ ಓದಿದಳು.

“ನಡಕ ಬಿಟ್ಟಿ ನೋಡು. ಆಕಿ ಅವ್ವ ಎದ್ದು ಬಂದು ಕಾಲಿಗಿ ನೀರ ಕೊಡ್ತಾಳಲ್ಲ?”

“ಅದು ಇದರಾಗ ಇಲ್ರೀ ಅತ್ತಿ.”

“ನಿಮ್ಮ ಮಾವ ಓದ್ತಿದ್ರಲ್ಲ!”

“ನಿಮಗ ಮರವು ಬಂದೈತ್ರಿ. ಮುಂಜಾನಿ ಚಾ ಕುಡದದ್ದೂ ಮರತಿದ್ರಿ.”

ಅವರು ಮರೆತಿರಲಿಲ್ಲ.

ಹೂವಿನ ಹಿಪ್ಪರಗಿಗೆ ಸೊಸೆಯಾಗಿ ಬಂದ ವರ್ಷ, ರೇಣುಕಾಳ ಬಿ.ಎ. ಪುಸ್ತಕಗಳನ್ನು ಇದೇ ಅತ್ತೆ ನೀರೊಲೆಗೆ ಹಾಕಿದ್ದರು. “ನೀರ ಛಲೋ ಕಾದಾವ, ಜಳಕಾ ಮಾಡ ಬಾ,” ಎಂದು ಕರೆದಿದ್ದರು. ಅವಳು ಹೋಗಿ ಸ್ನಾನ ಮಾಡಿದ್ದಳು.

ಲಕ್ಕವ್ವ ಈಗ ಹಾಸಿಗೆಯಲ್ಲಿ ನೆಟ್ಟಗೆ ಕುಳಿತರು. “ಕಡೀ ಹಾಳಿ ನಾ ಹೇಳ್ತೇನಿ. ತಪ್ಪಿದರ ತಿದ್ದು.”

ಆ ಕೊನೆಯ ಪುಟಕ್ಕೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ರೇಣುಕಾ ಅಚ್ಚಿನ ಮೇಲೆ ಬೆರಳಾಡಿಸುತ್ತ ಕೇಳಿದಳು. ಒಂದು ಪದವೂ ತಪ್ಪಲಿಲ್ಲ. ಮಾವ ಕೆಮ್ಮಲು ನಿಲ್ಲುತ್ತಿದ್ದ ಜಾಗದಲ್ಲಿ ಅತ್ತೆಯೂ ನಿಂತರು.

“ಬರೋಬರಿ ಐತೇನ?”

“ಇಲ್ರಿ. ಇದರಾಗ ಬ್ಯಾರೇನ ಐತಿ.”

“ಹಂಗಾರ ಅವರು ಇಷ್ಟ ವರ್ಷ ಓದಿದ್ದು...” ಲಕ್ಕವ್ವನ ಕೈಗಳು ಹಾಸಿಗೆಯ ಮೇಲೆ ಏನನ್ನೋ ತಡಕಾಡಿ ಸುಮ್ಮನಾದವು. “ನನ್ನ ತಲಿ ಕೆಟ್ಟೈತಿ. ನೀ ಓದಿದ್ದ ಖರೆ. ನಾಳಿಗೂ ಓದವಾ.”

“ಆತ್ರಿ, ಓದ್ತೇನಿ.”

ಕುಂಚ ತೊಳೆಯಲು ಎದ್ದಾಗ ನಿಷತಳ ಫೋನು ಬಂತು.

“ಮುಗೀತೇನಬೇ ಪುಸ್ತಕ?”

“ಇನ್ನೂ ಐತಿ,” ಎಂದಳು ರೇಣುಕಾ.

ಪುಸ್ತಕ ಸಿಂದಗಿಗೆ ಹೋಗುವುದಿಲ್ಲ. ಈ ಮನೆಯಲ್ಲೇ ಇರುತ್ತದೆ. ಅತ್ತೆ ಇರುವಷ್ಟು ದಿನ, ದಿನಕ್ಕೊಂದಿಷ್ಟು ಅಳಿಸಿದರಾಯಿತು. ಅದನ್ನವಳು ಗೆಳತಿಗೆ ಹೇಳಲಿಲ್ಲ. ಹುಳಿ ಹೆಚ್ಚಾದ ದೋಸೆ ಹಿಟ್ಟಿನ ಮಾತು ತೆಗೆದು, ನಕ್ಕು, ಫೋನಿಟ್ಟಳು.